ರೇ ಅಜ್ಜಿ: ಸುರಂಗ ದಾಟಿದ ಮೇಲೂ ಮುಚ್ಚಿದ್ದ ಬಾಗಿಲು

ಈ ಸಲ ನಾವು ಒಬ್ಬ ಅಜ್ಜಿಯ ಬಗ್ಗೆ ಬರೆಯುತ್ತಿದ್ದೇವೆ. ನಮ್ಮ ಕಡೆ 'ಆಯಿ' ಅನ್ನುತ್ತೇವಲ್ಲ, ಹಾಗೆ ಮೊಮ್ಮಕ್ಕಳು ಮರಿಮಕ್ಕಳನ್ನು ಕಂಡು ತೀರಿಕೊಂಡ ಒಬ್ಬ ಆಯಿ. ಆದರೆ ಅವರು ನಮ್ಮ ನಾಡಿನವರಲ್ಲ. ಹೆಸರು ರೇ ಕುಶ್ನರ್. 1923ರಲ್ಲಿ ಇಂದಿನ ಬೆಲಾರೂಸ್ ದೇಶದ ನೊವೊಗ್ರುಡೊಕ್ ಎಂಬ ಪಟ್ಟಣದಲ್ಲಿ ಹುಟ್ಟಿ, 1949ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ, 2004ರಲ್ಲಿ ತೀರಿಕೊಂಡವರು.

ಅವರು ರಾಣಿಯಲ್ಲ, ಮಂತ್ರಿಯಲ್ಲ, ಪುಸ್ತಕ ಬರೆದವರೂ ಅಲ್ಲ. ಮತ್ತೆ ಅವರ ಬಗ್ಗೆ ಯಾಕೆ ಬರೆಯಬೇಕು? ಎರಡನೇ ಮಹಾಯುದ್ಧದ ಪಾಠ ಮಾಡುವಾಗ ನಾವು ಮಕ್ಕಳಿಗೆ ಅರವತ್ತು ಲಕ್ಷ ಯಹೂದಿಗಳ ಹತ್ಯೆಯಾಯಿತು ಎಂದು ಹೇಳುತ್ತೇವೆ. ಮಕ್ಕಳು ಬರೆದುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಒಂದು ಅಂಕ ಸಿಗುತ್ತದೆ. ಅಷ್ಟು ದೊಡ್ಡ ಸಂಖ್ಯೆ ಮಕ್ಕಳ ಮನಸ್ಸಿಗೆ ಇಳಿಯುವುದಿಲ್ಲ, ನಿಜ ಹೇಳಬೇಕೆಂದರೆ ನಮ್ಮ ಮನಸ್ಸಿಗೂ ಇಳಿಯುವುದಿಲ್ಲ. ಒಬ್ಬರ ಬದುಕು ಹಿಡಿದು ಹೊರಟರೆ ಇಳಿಯುತ್ತದೆ. ಆ ಒಬ್ಬರ ಬದುಕನ್ನು ಎಲ್ಲಿಯವರೆಗೆ ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದೂ ಮುಖ್ಯ. ಅದನ್ನೇ ಇಲ್ಲಿ ಹೇಳಬೇಕೆಂದಿದ್ದೇವೆ.

ಊರು ಅಲ್ಲೇ, ದೇಶ ಬೇರೆ ಬೇರೆ

ಮೊದಲು ಊರಿನ ಪರಿಚಯ. ನೊವೊಗ್ರುಡೊಕ್ ಬೆಲಾರೂಸಿನ ಪಶ್ಚಿಮ ಭಾಗದಲ್ಲಿ, ಗ್ರೋದ್ನೊ ಪ್ರಾಂತ್ಯದಲ್ಲಿದೆ. ಗುಡ್ಡದ ಮೇಲೆ ಹಳೆಯ ಕೋಟೆಯೊಂದರ ಅವಶೇಷವಿದೆ. ಪೋಲಿಷ್ ಭಾಷೆಯ ಮಹಾಕವಿ ಆಡಮ್ ಮಿಕ್ಕಿಯೆವಿಚ್ 1798ರಲ್ಲಿ ಹುಟ್ಟಿದ್ದು ಈ ಸೀಮೆಯಲ್ಲೇ. ಸುತ್ತಲೂ ಹೊಲ, ಅದರಾಚೆ ದಟ್ಟ ಅಡವಿ. ಹಳ್ಳಿಗಳಲ್ಲಿ ಬೆಲಾರೂಸಿ ಮಾತಾಡುವ ರೈತರು, ಪಟ್ಟಣದಲ್ಲಿ ಪೋಲಿಷ್ ಮಾತಾಡುವವರು, ಯಿದ್ದಿಷ್ ಮಾತಾಡುವ ಯಹೂದಿಗಳು. ಯುದ್ಧಕ್ಕೆ ಮುಂಚೆ ಊರಿನ ಜನರಲ್ಲಿ ಅರ್ಧದಷ್ಟು, ಅಂದರೆ ಸುಮಾರು ಆರು ಸಾವಿರ ಮಂದಿ ಯಹೂದಿಗಳಿದ್ದರು.

ಈಗ ಈ ಊರು ಯಾವ ದೇಶದ್ದು ಎಂದು ಕೇಳಿದರೆ ಉತ್ತರ ಸುಲಭವಲ್ಲ. ಒಂದನೇ ಮಹಾಯುದ್ಧದ ತನಕ ಅದು ರಷ್ಯಾ ಸಾಮ್ರಾಜ್ಯದಲ್ಲಿತ್ತು. 1921ರ ರೀಗಾ ಒಪ್ಪಂದದಲ್ಲಿ ಪೋಲೆಂಡಿಗೆ ಸೇರಿತು. 1939ರ ಸೆಪ್ಟೆಂಬರಿನಲ್ಲಿ ಸೋವಿಯತ್ ಸೇನೆ ಬಂತು, ಊರು ಸೋವಿಯತ್ ಬೆಲಾರೂಸಿಗೆ ಸೇರಿತು. 1941ರ ಜುಲೈಯಲ್ಲಿ ಜರ್ಮನರು ಬಂದರು. 1944ರ ಜುಲೈಯಲ್ಲಿ ಮತ್ತೆ ಸೋವಿಯತ್. 1991ರಿಂದ ಸ್ವತಂತ್ರ ಬೆಲಾರೂಸ್. ಊರು ಮಾತ್ರ ಒಂದು ಅಂಗುಲವೂ ಕದಲಿಲ್ಲ!

ಗಡಿನಾಡಿನ ನಮಗೆ ಇದು ಅರ್ಥವಾಗದ ಮಾತೇನಲ್ಲ. ಜತ್ತ ತಾಲೂಕಿನ ಹಿರಿಯರು ಒಂದೇ ಮನೆಯ ಕಟ್ಟೆಯ ಮೇಲೆ ಕುಳಿತು ಜತ್ತ ಸಂಸ್ಥಾನ, ಮುಂಬಯಿ ಪ್ರಾಂತ್ಯ, ಮಹಾರಾಷ್ಟ್ರ ಎಲ್ಲವನ್ನೂ ಕಂಡರು. ಆದರೆ ಹೋಲಿಕೆ ಇಲ್ಲಿಗೇ ನಿಲ್ಲಬೇಕು. ನಮ್ಮಲ್ಲಿ ಸರಕಾರ ಬದಲಾದಾಗ ಕಾಗದಪತ್ರದ ಭಾಷೆ ಬದಲಾಯಿತು. ಅಲ್ಲಿ ಬದಲಾದಾಗ ಯಾರು ಬದುಕಬೇಕು, ಯಾರು ಸಾಯಬೇಕು ಎಂಬುದೇ ಬದಲಾಯಿತು.

ರೇ ಹುಟ್ಟಿದಾಗ ಊರು ಪೋಲೆಂಡಿನಲ್ಲಿತ್ತು. ಹಾಗಾಗಿ ಕಾಗದದಲ್ಲಿ ಅವರು ಪೋಲಿಷ್. ಇಂದು ಅವರನ್ನು ಬೆಲಾರೂಸಿನಿಂದ ಬಂದವರು ಅನ್ನುತ್ತಾರೆ. ಜರ್ಮನರ ಲೆಕ್ಕದಲ್ಲಿ ಅವರು ಬರೀ ಯಹೂದಿ. ಈ ಕಾಗದದ ವಿಷಯ ಮುಂದೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಕಸುಬು ಉಳಿಸಿದ ಮನೆ

ರೇಯ ತಂದೆ ಜೈಡೆಲ್ ಕುಶ್ನರ್. ಪ್ರಾಣಿಗಳ ತುಪ್ಪುಳಿನ ಕೋಟು, ಟೊಪ್ಪಿಗೆ ಮಾಡುವುದು ಮನೆತನದ ಕಸುಬು. ಚಳಿಗಾಲದಲ್ಲಿ ಹಿಮ ಬೀಳುವ ಸೀಮೆಯಲ್ಲಿ ಅದು ಒಳ್ಳೆಯ ವ್ಯಾಪಾರ. ಮನೆಯಲ್ಲಿ ನಾಲ್ಕು ಮಕ್ಕಳು: ಅಕ್ಕ ಎಸ್ತರ್, ರೇ, ತಂಗಿ ಲೀಸಾ, ತಮ್ಮ ಹೋನಿ.

ಜರ್ಮನರು ಊರಿಗೆ ಬಂದಾಗ ರೇಗೆ ಹದಿನೆಂಟು ವರ್ಷ. ಬಂದ ಸುಮಾರು ಮೂರು ವಾರದಲ್ಲಿ, 1941ರ ಜುಲೈ 26ರಂದು, ಊರ ನಡುವಿನ ಸಂತೆ ಚೌಕದಲ್ಲಿ 52 ಮಂದಿ ಯಹೂದಿ ಗಂಡಸರನ್ನು ಸಾಲಾಗಿ ನಿಲ್ಲಿಸಿ ಗುಂಡಿಕ್ಕಿದರು. ಆಗ ವಾದ್ಯ ಬಾರಿಸುತ್ತಿದ್ದರೆಂದು ಬದುಕುಳಿದವರು ಹೇಳಿದ್ದಾರೆ. ಆಮೇಲೆ ಕಲ್ಲು ಹಾಸಿನ ಮೇಲಿನ ರಕ್ತವನ್ನು ಯಹೂದಿ ಹೆಣ್ಣುಮಕ್ಕಳಿಂದಲೇ ತೊಳೆಸಿದರು.

ಅದು ಆರಂಭ ಮಾತ್ರ. ಅದೇ ವರ್ಷ ಡಿಸೆಂಬರಿನಲ್ಲಿ ಊರಿನ ಮತ್ತು ಸುತ್ತಲಿನ ಯಹೂದಿಗಳನ್ನೆಲ್ಲ ನ್ಯಾಯಾಲಯದ ಕಟ್ಟಡಗಳಲ್ಲಿ ತುಂಬಿದರು. ಡಿಸೆಂಬರ್ 8ರಂದು ಸಾಲು ಹಚ್ಚಿ, ಕೆಲಸ ಬಲ್ಲವರನ್ನು ಒಂದು ಕಡೆ, ಉಳಿದವರನ್ನು ಇನ್ನೊಂದು ಕಡೆ ಮಾಡಿದರು. ಇನ್ನೊಂದು ಕಡೆ ಹೋದವರು ನಾಲ್ಕು ಸಾವಿರಕ್ಕೂ ಹೆಚ್ಚು. ಅವರನ್ನು ಸ್ಕ್ರಿಡ್ಲೆವೊ ಹಳ್ಳಿಯ ಹತ್ತಿರ ಒಯ್ದು ಕೊಂದರು. ರೇಯ ಅಕ್ಕ ಎಸ್ತರ್ ತೀರಿಕೊಂಡದ್ದು ಈ ಹತ್ಯೆಯಲ್ಲಿ. ಮಕ್ಕಳಿಗೆ ತಾರೀಖು ನೆನಪಿರಲೆಂದು ಒಂದು ಮಾತು ಸೇರಿಸುತ್ತೇವೆ. ಇದರ ಹಿಂದಿನ ದಿನವೇ ಜಪಾನ್ ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಿತ್ತು. ಪಾಠಪುಸ್ತಕದಲ್ಲಿ ನಾವು ಓದುವ ಡಿಸೆಂಬರ್ ಅದು. ಅದೇ ಹೊತ್ತಿಗೆ ಈ ಸಣ್ಣ ಊರಿನಲ್ಲಿ ಇದು ನಡೆಯುತ್ತಿತ್ತು.

ಉಳಿದ ಸುಮಾರು ಒಂದೂವರೆ ಸಾವಿರ ಜನರನ್ನು ಘೆಟ್ಟೊದಲ್ಲಿ ಕೂಡಿಹಾಕಿದರು. ಘೆಟ್ಟೊ ಎಂದರೆ ಊರಿನ ಒಂದು ಮೂಲೆಗೆ ಬೇಲಿ ಹಾಕಿ, ಯಹೂದಿಗಳನ್ನು ಅಲ್ಲೇ ಇರಿಸುವ ಜಾಗ. ಯಾಕೆ ಇವರನ್ನು ಉಳಿಸಿದರು? ದಯೆಯಿಂದಲ್ಲ. ಜರ್ಮನ್ ಸೇನೆಗೆ ಸಿಂಪಿಗರು ಬೇಕಿತ್ತು, ಚಮ್ಮಾರರು ಬೇಕಿತ್ತು, ಬಡಿಗರು ಬೇಕಿತ್ತು, ತುಪ್ಪುಳಿನ ಬಟ್ಟೆ ಹೊಲಿಯುವವರು ಬೇಕಿತ್ತು. ರಷ್ಯಾದ ಚಳಿಯಲ್ಲಿ ಸೈನಿಕರಿಗೆ ಬೆಚ್ಚಗಿನ ಕೋಟು ಬೇಕು ನೋಡಿ! ಜೈಡೆಲ್ ಅವರ ಕಸುಬು ಮನೆಯವರ ಜೀವವನ್ನು ಅಷ್ಟು ದಿನ ಹಿಡಿದಿಟ್ಟಿತು.

ಆದರೂ ಹತ್ಯೆ ನಿಲ್ಲಲಿಲ್ಲ. 1942ರ ಆಗಸ್ಟಿನಲ್ಲಿ ಒಮ್ಮೆ, 1943ರ ಫೆಬ್ರವರಿಯಲ್ಲಿ ಇನ್ನೊಮ್ಮೆ. ಕೊನೆಗೆ ನ್ಯಾಯಾಲಯದ ಆವರಣದಲ್ಲಿದ್ದ ಕಸುಬುದಾರರ ಶಿಬಿರ ಮಾತ್ರ ಉಳಿಯಿತು. 1943ರ ಮೇ 7ರಂದು ಅಲ್ಲಿದ್ದವರಲ್ಲೂ ಅರ್ಧದಷ್ಟು ಜನರನ್ನು ಕೊಂದರು. ರೇಯ ತಾಯಿ ಹೋದದ್ದು ಅಂದು. ಆಗ ಉಳಿದವರು ಇನ್ನೂರೈವತ್ತರ ಆಸುಪಾಸು. ಮುಂದಿನ ಸರದಿ ತಮ್ಮದೇ ಎಂಬುದು ಅವರಿಗೆಲ್ಲ ಗೊತ್ತಾಗಿತ್ತು.

ಇಲ್ಲಿ ಊರಿನ ಉಳಿದವರ ಪಾಡನ್ನೂ ಒಂದು ಮಾತಿನಲ್ಲಿ ಹೇಳಬೇಕು. 1943ರ ಆಗಸ್ಟ್ 1ರಂದು ಇದೇ ನೊವೊಗ್ರುಡೊಕ್‌ನಲ್ಲಿ ಹನ್ನೊಂದು ಮಂದಿ ಕ್ಯಾಥೊಲಿಕ್ ಸನ್ಯಾಸಿನಿಯರನ್ನು ಜರ್ಮನರು ಕೊಂದರು. ಇಡೀ ಬೆಲಾರೂಸಿನಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಹಳ್ಳಿಗಳು ನಾಶವಾದವು. ಆ ನಾಡಿನ ನಾಲ್ವರಲ್ಲಿ ಒಬ್ಬರಾದರೂ ಯುದ್ಧದಲ್ಲಿ ಸತ್ತರೆಂದು ಲೆಕ್ಕ.

ಇನ್ನೂರು ಮೀಟರ್ ಮಣ್ಣಿನ ದಾರಿ

ಉಳಿದ ಆ ಇನ್ನೂರೈವತ್ತು ಮಂದಿ ಒಂದು ತೀರ್ಮಾನಕ್ಕೆ ಬಂದರು. ನೆಲದಡಿ ಸುರಂಗ ತೋಡಿ ಬೇಲಿಯಾಚೆ ಹೊರಬೀಳುವುದು.

ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇವೆ, ಯಾಕೆಂದರೆ ಇದರಲ್ಲಿ ಒಬ್ಬೊಬ್ಬರ ಕಸುಬೂ ಕೆಲಸಕ್ಕೆ ಬಂತು. ಮಲಗುವ ಬರಾಕಿನ ಹಲಗೆ ಮಂಚದ ಅಡಿಯಿಂದ ತೋಡಲು ಶುರು. ಒಬ್ಬರು ತೆವಳಿ ಹೋಗುವಷ್ಟು ಮಾತ್ರ ಅಗಲ. ಸಲಕರಣೆಗಳನ್ನು ಕಾರ್ಖಾನೆಯಲ್ಲೇ ಗುಟ್ಟಾಗಿ ಮಾಡಿಕೊಂಡರು. ತೋಡಿದ ಮಣ್ಣು ಹೊರಗೆ ಸಾಗಿಸಲು ಸಿಂಪಿಗರು ಚೀಲ ಹೊಲಿದರು. ಮಣ್ಣು ಕುಸಿಯದಂತೆ ಬಡಿಗರು ಹಲಗೆ ಆನಿಸಿದರು. ದೂರ ಹೆಚ್ಚಿದ ಮೇಲೆ ಮಣ್ಣು ಎಳೆಯಲು ಕಟ್ಟಿಗೆಯ ಹಳಿಯ ಮೇಲೆ ಸಣ್ಣ ಗಾಡಿ ಮಾಡಿದರು. ವಿದ್ಯುತ್ ಕೆಲಸ ಬಲ್ಲವನೊಬ್ಬ ಒಳಗೆ ದೀಪ ಎಳೆದ.

ಮಣ್ಣನ್ನು ಎಲ್ಲಿ ಹಾಕುವುದು? ಅದೇ ದೊಡ್ಡ ಸಮಸ್ಯೆ. ಹೊಸ ಮಣ್ಣು ಕಂಡರೆ ಕಾವಲುಗಾರರಿಗೆ ತಿಳಿಯುತ್ತದೆ. ಅಟ್ಟದ ಮೇಲೆ ತುಂಬಿದರು, ಗೋಡೆಗೆ ಇನ್ನೊಂದು ಗೋಡೆ ಎಬ್ಬಿಸಿ ನಡುವೆ ತುಂಬಿದರು.

ಮೊದಲ ಲೆಕ್ಕದಲ್ಲಿ ಸುರಂಗ ನೂರು ಮೀಟರ್ ಸಾಕಿತ್ತು. ಬೇಲಿಯಾಚೆ ಎತ್ತರ ಬೆಳೆದ ಪೈರಿನಲ್ಲಿ ಹೊರಬಿದ್ದರೆ ಯಾರಿಗೂ ಕಾಣುವುದಿಲ್ಲ. ಆದರೆ ಸುರಂಗ ಮುಗಿಯುವ ಹೊತ್ತಿಗೆ ಪೈರು ಕೊಯ್ದುಬಿಟ್ಟರು. ಬಯಲಾದ ಹೊಲದಲ್ಲಿ ತಲೆ ಎತ್ತುವಂತಿಲ್ಲ. ಏನು ಮಾಡುವುದು? ಮತ್ತೆ ತೋಡಿದರು. ಸುಮಾರು ಇನ್ನೂರು ಮೀಟರ್ ಆಯಿತು. ನಮ್ಮ ಶಾಲೆಯ ಮಕ್ಕಳಿಗೆ ಹೇಳುವುದಾದರೆ, ಓಟದ ಪಂದ್ಯದಲ್ಲಿ ಇನ್ನೂರು ಮೀಟರ್ ಓಡುತ್ತೀರಲ್ಲ, ಅಷ್ಟು ದೂರ. ಓಡಿ ಅಲ್ಲ, ಕತ್ತಲಲ್ಲಿ ಹೊಟ್ಟೆಯ ಮೇಲೆ ತೆವಳಿ.

1943ರ ಸೆಪ್ಟೆಂಬರ್ 26. ಮಳೆ ಗಾಳಿಯ ರಾತ್ರಿ. ಸುತ್ತ ಬೆಳಕು ಚೆಲ್ಲುವ ದೊಡ್ಡ ದೀಪ ಕೆಲಸ ಮಾಡದಂತೆ ಮೊದಲೇ ಮಾಡಿಟ್ಟಿದ್ದರು. ಒಬ್ಬರ ಹಿಂದೆ ಒಬ್ಬರು ತೆವಳಿ ಹೊರಟರು. ಯಹೂದಿಗಳ ಹೊಸ ವರ್ಷಕ್ಕೆ ಇನ್ನು ನಾಲ್ಕೇ ದಿನ ಉಳಿದಿತ್ತು.

ಹೊರಬಿದ್ದವರೆಲ್ಲ ಉಳಿಯಲಿಲ್ಲ. ತಿಂಗಳುಗಟ್ಟಲೆ ಒಳಗಿದ್ದವರಿಗೆ ಆ ಕತ್ತಲಲ್ಲಿ ದಿಕ್ಕು ತಪ್ಪಿತು. ಕೆಲವರು ಅಡವಿಯ ಕಡೆ ಹೋಗುವ ಬದಲು ಶಿಬಿರದ ಕಡೆಗೇ ಓಡಿ ಗುಂಡಿಗೆ ಸಿಕ್ಕರು. ಸುಮಾರು ಎಪ್ಪತ್ತು ಮಂದಿ ಸತ್ತರು. ಸುಮಾರು 170 ಮಂದಿ ಪಾರಾದರು. ರೇ, ತಂಗಿ ಲೀಸಾ, ತಂದೆ ಜೈಡೆಲ್ ಪಾರಾದವರಲ್ಲಿ ಸೇರಿದರು. ತಮ್ಮ ಹೋನಿ ಕತ್ತಲಲ್ಲಿ ತಪ್ಪಿಸಿಕೊಂಡ. ಮತ್ತೆ ಸಿಗಲೇ ಇಲ್ಲ.

ಆರು ಜನರ ಮನೆಯಲ್ಲಿ ಉಳಿದವರು ಮೂವರು.

ಅಡವಿಯೊಳಗೊಂದು ಊರು

ಪಾರಾದವರು ಹೋಗಿ ಸೇರಿದ್ದು ಬಿಯೆಲ್ಸ್ಕಿ ಅಣ್ಣತಮ್ಮಂದಿರ ಬಳಿಗೆ. ತೂವಿಯಾ, ಅಸಾಯೆಲ್, ಜುಸ್, ಆರೋನ್. ನೊವೊಗ್ರುಡೊಕ್ ಹತ್ತಿರದ ಹಳ್ಳಿಯವರು, ಗಿರಣಿ ನಡೆಸುತ್ತಿದ್ದ ಮನೆತನ. ಅಪ್ಪ ಅಮ್ಮನನ್ನು ಜರ್ಮನರು ಕೊಂದ ಮೇಲೆ ಅಡವಿ ಸೇರಿ ಗೆರಿಲ್ಲಾ ದಳ ಕಟ್ಟಿದವರು. ಆ ಕಾಲದಲ್ಲಿ ಅಡವಿಯಲ್ಲಿ ಬೇರೆ ದಳಗಳೂ ಇದ್ದವು. ಅವು ಬಂದೂಕು ಹಿಡಿಯಬಲ್ಲ ಗಂಡಸರನ್ನು ಮಾತ್ರ ಸೇರಿಸಿಕೊಳ್ಳುತ್ತಿದ್ದದ್ದೇ ಹೆಚ್ಚು. ಮುದುಕರು, ಹೆಂಗಸರು, ಮಕ್ಕಳು ಅಂದರೆ ಹೊರೆ. ತೂವಿಯಾ ಬಿಯೆಲ್ಸ್ಕಿ ಮಾತ್ರ ಬಂದವರನ್ನೆಲ್ಲ ಸೇರಿಸಿಕೊಂಡ. ಹತ್ತು ಶತ್ರು ಸೈನಿಕರನ್ನು ಕೊಲ್ಲುವುದಕ್ಕಿಂತ ಒಬ್ಬ ಯಹೂದಿ ಮುದುಕಿಯನ್ನು ಉಳಿಸುವುದು ದೊಡ್ಡದು ಎಂಬುದು ಅವನ ನಂಬಿಕೆಯಾಗಿತ್ತು.

ನಲಿಬೊಕಿ ಎಂಬ ದಟ್ಟ ಅಡವಿಯಲ್ಲಿ ಅವರು ಒಂದು ಊರನ್ನೇ ಕಟ್ಟಿದರು. ನೆಲದಲ್ಲಿ ತಗ್ಗು ತೋಡಿ ಮೇಲೆ ಮರದ ಮಾಡು ಹಾಕಿದ ಮನೆಗಳು. ಸಿಂಪಿಗರ ಅಂಗಡಿ, ಚಮ್ಮಾರರ ಅಂಗಡಿ, ಹಿಟ್ಟಿನ ಗಿರಣಿ, ರೊಟ್ಟಿ ಸುಡುವ ಒಲೆ, ಸ್ನಾನದ ಮನೆ, ದವಾಖಾನೆ. ಮಕ್ಕಳಿಗೆ ಶಾಲೆಯೂ ಇತ್ತು! ಪಾಠ ಹೇಳುವ ನಮ್ಮಂಥವರಿಗೆ ಇದಕ್ಕಿಂತ ಮನಸ್ಸು ತುಂಬುವ ವಿಷಯ ಬೇರೆ ಏನಿದೆ? ತಲೆಯ ಮೇಲೆ ಸಾವು ತೂಗುತ್ತಿರುವಾಗಲೂ ಮಕ್ಕಳನ್ನು ಒಂದು ಕಡೆ ಕೂಡಿಸಿ ಕಲಿಸಬೇಕೆಂದು ಯಾರಿಗೋ ತೋಚಿತಲ್ಲ.

ಅಡವಿಯ ಬದುಕನ್ನು ಬರೀ ಹೊಗಳಿ ಮುಗಿಸುವುದೂ ಸರಿಯಲ್ಲ. ಅಷ್ಟು ಜನರ ಹೊಟ್ಟೆಗೆ ಆಲೂಗಡ್ಡೆ, ಹಿಟ್ಟು ಬರುತ್ತಿದ್ದದ್ದು ಸುತ್ತಲಿನ ಹಳ್ಳಿಗಳಿಂದ. ಕೆಲವು ರೈತರು ತಾವಾಗಿಯೇ ಕೊಟ್ಟರು. ಕೆಲವರಿಂದ ಬಂದೂಕು ತೋರಿಸಿ ತಂದರು. ಹಗಲು ಜರ್ಮನರು, ರಾತ್ರಿ ಗೆರಿಲ್ಲಾಗಳು, ಹೀಗೆ ಆ ಬಡ ರೈತರು ಎರಡೂ ಕಡೆಯಿಂದ ನವೆದರು. ಜೀವದ ಹಂಗು ತೊರೆದು ಯಹೂದಿಗಳನ್ನು ಬಚ್ಚಿಟ್ಟ, ಅಡವಿಯ ದಾರಿ ತೋರಿಸಿದ ಹಳ್ಳಿಗರೂ ಇದ್ದರು. ಸಿಕ್ಕಿಬಿದ್ದರೆ ಅವರ ಇಡೀ ಮನೆಗೆ ಸಾವೇ ಗತಿ.

ಸುಮಾರು ಹತ್ತು ತಿಂಗಳು ರೇ ಈ ಅಡವಿಯಲ್ಲಿದ್ದರು. 1944ರ ಜುಲೈಯಲ್ಲಿ ಸೋವಿಯತ್ ಸೇನೆ ಬಂದಾಗ ಬಿಯೆಲ್ಸ್ಕಿ ದಳದ ಸುಮಾರು 1,200 ಮಂದಿ ಜೀವಂತವಾಗಿ ಹೊರಬಂದರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು

ಹೌದು, ಸಿನಿಮಾ ಆದರೆ ಇಲ್ಲಿಗೆ ಮುಗಿಯುತ್ತದೆ. ಬಿಯೆಲ್ಸ್ಕಿ ಅಣ್ಣತಮ್ಮಂದಿರ ಕಥೆ 2008ರಲ್ಲಿ 'ಡಿಫೈಯನ್ಸ್' ಎಂಬ ಹೆಸರಿನಲ್ಲಿ ಸಿನಿಮಾ ಆಯಿತು. ಅದೂ ಅಡವಿಯ ಕಥೆಯೇ. ಆದರೆ ರೇ ಬದುಕಿನಲ್ಲಿ ಮುಂದಿನ ಐದು ವರ್ಷ ನಮಗೆ ಅಷ್ಟೇ ಮುಖ್ಯವಾಗಿ ಕಾಣುತ್ತದೆ.

ಊರಿಗೆ ಮರಳಿದವರಿಗೆ ಊರು ಇರಲಿಲ್ಲ. ಮನೆ ಇದ್ದರೂ ಮನೆಯವರಿರಲಿಲ್ಲ. ರೇ, ತಂದೆ, ತಂಗಿ ಪಶ್ಚಿಮಕ್ಕೆ ಹೊರಟರು. ನೊವೊಗ್ರುಡೊಕ್ ಪಕ್ಕದ ಕೊರೆಲಿಚಿ ಎಂಬ ಊರಿನ ಜೋಸೆಫ್ ಬೆರ್ಕೊವಿಚ್ ಎಂಬ ಬಡಿಗ ಯುವಕ ಕೂಡ ಹಾಗೆಯೇ ಉಳಿದುಕೊಂಡವರು. 1945ರಲ್ಲಿ ಹಂಗೇರಿಯ ಬುಡಾಪೆಸ್ಟಿನಲ್ಲಿ ರೇ ಮತ್ತು ಜೋಸೆಫ್ ಮದುವೆಯಾದರು. ಇಲ್ಲೊಂದು ವಿಶೇಷ. ಮುಂದೆ ಗಂಡನೇ ಹೆಂಡತಿಯ ಮನೆಹೆಸರು ತೆಗೆದುಕೊಂಡು ಜೋಸೆಫ್ ಕುಶ್ನರ್ ಆದರು. ಅಲ್ಲಿಂದ ಗಡಿ ದಾಟಿ ಇಟಲಿ ಸೇರಿದರು. ಇಟಲಿಯ ನಿರಾಶ್ರಿತರ ಶಿಬಿರದಲ್ಲಿ ಕಳೆದದ್ದು ಒಂದೆರಡು ತಿಂಗಳಲ್ಲ. ಮೂರೂವರೆ ವರ್ಷ!

ಯಾಕೆ ಅಷ್ಟು ದಿನ? ಯುದ್ಧ ಮುಗಿದಿತ್ತು. ಹಿಟ್ಲರ್ ಸತ್ತಿದ್ದ. ಸತ್ತವರ ಹೊಂಡಗಳ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಆದರೂ ಯಾವ ದೇಶವೂ ಬನ್ನಿ ಅನ್ನಲಿಲ್ಲ.

ಇದರ ಹಿಂದಿನ ಕಾನೂನು ಮಕ್ಕಳಿಗೆ ಲೆಕ್ಕ ಹಾಕಿ ತೋರಿಸುವಂತಿದೆ. ಅಮೆರಿಕ 1924ರಲ್ಲಿ ಒಂದು ವಲಸೆ ಕಾಯ್ದೆ ಮಾಡಿತು. ವರ್ಷಕ್ಕೆ ಯಾವ ದೇಶದಲ್ಲಿ ಹುಟ್ಟಿದವರು ಎಷ್ಟು ಮಂದಿ ಬರಬಹುದು ಎಂದು ಪಾಲು ಕಟ್ಟಿತು. 1930ರ ದಶಕದಲ್ಲಿ ಬ್ರಿಟನ್ನಿನ ಪಾಲು 65,721. ಪೋಲೆಂಡಿನ ಪಾಲು 6,524. ಪೋಲೆಂಡಿನಲ್ಲಿ ಯುದ್ಧಕ್ಕೆ ಮುಂಚೆ ಮೂವತ್ತು ಲಕ್ಷಕ್ಕೂ ಹೆಚ್ಚು ಯಹೂದಿಗಳಿದ್ದರು. ಎಲ್ಲರೂ ಹೊರಡುತ್ತೇವೆಂದಿದ್ದರೆ ಆ ಪಾಲಿನಲ್ಲಿ ಸರದಿ ಮುಗಿಯಲು ನಾನೂರು ವರ್ಷಕ್ಕಿಂತ ಹೆಚ್ಚು ಬೇಕು. ಭಾಗಾಕಾರ ಮಾಡಿ ನೋಡಿ.

ಅಂದರೆ ಹುಟ್ಟಿದ ಊರು ಯಾವ ದೇಶದ ಕಾಗದದಲ್ಲಿದೆ ಎಂಬುದರ ಮೇಲೆ ಸರದಿ. ಮೊದಲು ಹೇಳಿದ ಕಾಗದದ ವಿಷಯ ಇದೇ.

1939ರಲ್ಲಿ 'ಸೇಂಟ್ ಲೂಯಿಸ್' ಎಂಬ ಹಡಗು 937 ಮಂದಿಯನ್ನು ಹೊತ್ತು ಜರ್ಮನಿಯಿಂದ ಕ್ಯೂಬಾಕ್ಕೆ ಹೋಯಿತು. ಹೆಚ್ಚಿನವರು ಯಹೂದಿಗಳು. ಕ್ಯೂಬಾ ಬೆರಳೆಣಿಕೆಯ ಜನರನ್ನು ಬಿಟ್ಟು ಉಳಿದವರನ್ನು ಇಳಿಸಿಕೊಳ್ಳಲಿಲ್ಲ. ಅಮೆರಿಕವೂ ಇಳಿಸಿಕೊಳ್ಳಲಿಲ್ಲ. ಹಡಗು ಯೂರೋಪಿಗೆ ಮರಳಿತು. ಮರಳಿದವರಲ್ಲಿ 254 ಮಂದಿ ಮುಂದೆ ನಾಜಿಗಳ ಹತ್ಯಾಕಾಂಡದಲ್ಲಿ ಸತ್ತರು.

ಯುದ್ಧ ಮುಗಿದ ಮೂರು ವರ್ಷದ ಮೇಲೆ, 1948ರ ಜೂನಿನಲ್ಲಿ, ಅಮೆರಿಕ ನಿರಾಶ್ರಿತರಿಗಾಗಿ ಬೇರೆ ಕಾಯ್ದೆ ಮಾಡಿತು. ಎರಡು ವರ್ಷದಲ್ಲಿ ಎರಡು ಲಕ್ಷ ಮಂದಿಗೆ ಅವಕಾಶ. ಆದರೆ ಅದರಲ್ಲೂ ಕೊಕ್ಕೆ ಇತ್ತು. 1945ರ ಡಿಸೆಂಬರ್ 22ರೊಳಗೆ ಜರ್ಮನಿ, ಆಸ್ಟ್ರಿಯಾ, ಇಟಲಿಗಳಲ್ಲಿ ಬಂದು ಸೇರಿದ್ದವರಿಗೆ ಮಾತ್ರ. ಬೇಸಾಯ ಬಲ್ಲವರಿಗೆ ಆದ್ಯತೆ. ಪೋಲೆಂಡಿನಿಂದ ಬಹಳಷ್ಟು ಯಹೂದಿಗಳು ಓಡಿಬಂದದ್ದು 1946ರಲ್ಲಿ, ಕೀಲ್ತ್ಸೆ ಎಂಬ ಊರಿನಲ್ಲಿ 42 ಮಂದಿ ಯಹೂದಿಗಳ ಕೊಲೆಯಾದ ಮೇಲೆ. ಅವರೆಲ್ಲ ತಾರೀಖಿನ ಆಚೆ ಉಳಿದರು. ಸಹಿ ಹಾಕಿದ ಅಧ್ಯಕ್ಷ ಟ್ರೂಮನ್ ಅವರೇ ಈ ಕಾಯ್ದೆಯಲ್ಲಿ ಭೇದಭಾವವಿದೆ ಎಂದು ಟೀಕಿಸಿದರು. 1950ರಲ್ಲಿ ತಾರೀಖು ಮುಂದಕ್ಕೆ ಹಾಕಿ ಸರಿಪಡಿಸಿದರು.

ರೇ ಮತ್ತು ಜೋಸೆಫ್ ಅಮೆರಿಕ ಮುಟ್ಟಿದ್ದು 1949ರಲ್ಲಿ. ಆಗ ರೇಗೆ 26 ವರ್ಷ.

ನಮ್ಮ ಹತ್ತಿರದಲ್ಲೇ ತೆರೆದ ಒಂದು ಬಾಗಿಲು

ಎಲ್ಲ ಬಾಗಿಲುಗಳೂ ಮುಚ್ಚಿರಲಿಲ್ಲ. 1939ರಲ್ಲಿ ಸೋವಿಯತ್ ಸರಕಾರ ಪೂರ್ವ ಪೋಲೆಂಡನ್ನು ಹಿಡಿದ ಮೇಲೆ, ರೇಯ ಊರು ಇದ್ದ ಆ ಗಡಿಸೀಮೆಗಳಿಂದ ಸಾವಿರಾರು ಪೋಲಿಷ್ ಕುಟುಂಬಗಳನ್ನು ಸೈಬೀರಿಯಾ, ಕಜಕ್‌ಸ್ತಾನಗಳಿಗೆ ಸಾಗಿಸಿತು. ಅವರಲ್ಲಿ ಬದುಕಿ ಹೊರಬಂದ ಒಂದಷ್ಟು ಮಂದಿ ಭಾರತಕ್ಕೂ ಬಂದರು. ನವಾನಗರದ ಜಾಮಸಾಹೇಬ ದಿಗ್ವಿಜಯಸಿಂಹಜಿ ಅವರು 1942ರಲ್ಲಿ ಗುಜರಾತದ ಬಾಲಾಚಡಿಯಲ್ಲಿ ಪೋಲಿಷ್ ಮಕ್ಕಳಿಗೆ ನೆಲೆ ಕೊಟ್ಟರು. 1943ರಿಂದ 1948ರವರೆಗೆ ನಮ್ಮ ಕೊಲ್ಲಾಪುರದ ಮಗ್ಗುಲಿನ ವಳಿವಡೆಯಲ್ಲಿ ಸುಮಾರು ಐದು ಸಾವಿರ ಪೋಲಿಷ್ ಜನರ ಶಿಬಿರವಿತ್ತು. ಹೆಚ್ಚಿನವರು ಹೆಂಗಸರು, ಮಕ್ಕಳು. ಅಲ್ಲಿ ಅವರ ಶಾಲೆಗಳು ಪೋಲಿಷ್ ಭಾಷೆಯಲ್ಲೇ ನಡೆದವು.

ಪರನಾಡಿನಲ್ಲಿ ತಾಯ್ನುಡಿಯ ಶಾಲೆ! ಅದರ ಬೆಲೆ ನಮಗಿಂತ ಚೆನ್ನಾಗಿ ಯಾರಿಗೆ ತಿಳಿದೀತು? ಪೋಲೆಂಡಿನವರು ಇದನ್ನು ಮರೆತಿಲ್ಲ. ವಾರ್ಸಾ ನಗರದಲ್ಲಿ ಕೊಲ್ಲಾಪುರದ ಹೆಸರಿನ ಸ್ಮಾರಕವಿದೆ. ಬಾಗಿಲು ತೆರೆದದ್ದನ್ನು ಎಂಬತ್ತು ವರ್ಷದ ಮೇಲೂ ನೆನೆಯುತ್ತಾರೆ. ಹಾಗಾದರೆ ಮುಚ್ಚಿದ್ದನ್ನೂ ಜನ ನೆನಪಿಡುತ್ತಾರೆ ಎಂದಾಯಿತು.

ಅಜ್ಜಿ ಹೇಳಿದ್ದು, ಮೊಮ್ಮಗ ಇದ್ದದ್ದು

ಅಮೆರಿಕದಲ್ಲಿ ಜೋಸೆಫ್ ಬಡಿಗ ಕೆಲಸದಿಂದ ಶುರು ಮಾಡಿದರು. ಆಮೇಲೆ ನ್ಯೂಜರ್ಸಿಯಲ್ಲಿ ಮನೆ ಕಟ್ಟುವ ವ್ಯವಹಾರಕ್ಕಿಳಿದು ಬಹಳ ದೊಡ್ಡವರಾದರು. 1985ರಲ್ಲಿ ತೀರಿಕೊಂಡರು. ಮಗ ಚಾರ್ಲ್ಸ್ ವ್ಯವಹಾರ ಬೆಳೆಸಿದರು. ನ್ಯೂಜರ್ಸಿಯ ಲಿವಿಂಗ್‌ಸ್ಟನ್‌ನಲ್ಲಿ ಇಂದು ರೇ ಹೆಸರಿನ ಯಹೂದಿ ಪ್ರೌಢಶಾಲೆಯೇ ಇದೆ.

1982ರಲ್ಲಿ ನ್ಯೂಜರ್ಸಿಯ ಕೀನ್ ಕಾಲೇಜಿನವರು ಬದುಕುಳಿದವರ ಮಾತು ದಾಖಲಿಸುತ್ತಿದ್ದಾಗ ರೇ ತಮ್ಮ ಕಥೆ ಹೇಳಿದರು. ಸಂತೆ ಚೌಕ, ಸುರಂಗ, ಅಡವಿ ಎಲ್ಲ ಹೇಳಿದರು. ಜೊತೆಗೆ, ಜಗತ್ತಿನ ಬಾಗಿಲುಗಳು ತಮಗೆ ಮುಚ್ಚಿದ್ದವು, ತಮ್ಮನ್ನು ಕರೆದುಕೊಳ್ಳಲು ಯಾರೂ ಇರಲಿಲ್ಲ ಎಂಬುದನ್ನೂ ಹೇಳಿದರು. ಸುರಂಗದ ನೋವಿನಷ್ಟೇ ಇದೂ ಅವರ ಮನಸ್ಸಿನಲ್ಲಿ ಉಳಿದಿತ್ತು.

ರೇಯ ಮೊಮ್ಮಗ ಜೇರೆಡ್ ಕುಶ್ನರ್. ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರ ಅಳಿಯ. 2017ರಿಂದ 2021ರವರೆಗೆ ಶ್ವೇತಭವನದಲ್ಲಿ ಹಿರಿಯ ಸಲಹೆಗಾರ. 2016ರಲ್ಲಿ ಅವರೇ ಒಂದು ಲೇಖನದಲ್ಲಿ ಅಜ್ಜ ಅಜ್ಜಿಯ ಕಥೆ ಬರೆದಿದ್ದರು. 2017ರ ಜನವರಿ 27ರಂದು ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು. ನಿರಾಶ್ರಿತರನ್ನು ಕರೆದುಕೊಳ್ಳುವ ಕಾರ್ಯಕ್ರಮ 120 ದಿನ ಬಂದ್, ವರ್ಷದ ಮಿತಿ 1,10,000ದಿಂದ 50,000ಕ್ಕೆ ಇಳಿಕೆ. ಆ ದಿನ ಹತ್ಯಾಕಾಂಡದ ಅಂತರರಾಷ್ಟ್ರೀಯ ಸ್ಮರಣೆಯ ದಿನವೂ ಆಗಿತ್ತು. 2020ರಲ್ಲಿ ಮಿತಿ 15,000ಕ್ಕೆ ಇಳಿಯಿತು. ರೇ ಅಜ್ಜಿಯ 1982ರ ಮಾತನ್ನು ಅಮೆರಿಕದ ಪತ್ರಿಕೆಗಳು ಮತ್ತೆ ಹೊರತೆಗೆದದ್ದು ಆಗಲೇ.

ದೇಶದ ಭದ್ರತೆಗಾಗಿ ಬರುವವರನ್ನು ತಪಾಸಣೆ ಮಾಡಬೇಕು ಎಂಬುದು ಆ ಸರಕಾರದ ವಾದ. ಯಾವ ದೇಶಕ್ಕೂ ಅದು ಬೇಕಾದದ್ದೇ. ಎಷ್ಟು ಜನರನ್ನು ಬಿಟ್ಟುಕೊಳ್ಳಬೇಕು ಎಂದು ತೀರ್ಪು ಕೊಡಲು ನಾವು ಹೊರಟಿಲ್ಲ. ಮೊಮ್ಮಗ ಅಜ್ಜಿ ನಡೆದ ದಾರಿಯಲ್ಲೇ ನಡೆಯಬೇಕು ಎಂಬ ಕಾಯ್ದೆಯೂ ಇಲ್ಲ.

ನಾವು ಹೇಳುವುದು ಒಂದೇ ಮಾತು. ಅಜ್ಜಿಯನ್ನು ನೆನೆಯುವುದಾದರೆ ಪೂರ್ತಿ ನೆನೆಯಬೇಕು. ಸುರಂಗ ತೋಡಿದ ಧೈರ್ಯದ ಭಾಗ ಹೇಳುವುದು ಸುಲಭ. ಅದರಲ್ಲಿ ನಮ್ಮವರು ಗಟ್ಟಿಗರು ಎಂಬ ಹೆಮ್ಮೆ ಇದೆ. ಆಮೇಲಿನ ಐದು ವರ್ಷ, ಯಾರಿಗೂ ಬೇಡವಾಗಿ ಶಿಬಿರದಲ್ಲಿ ಕಾಯ್ದ ಭಾಗ ಹೇಳುವುದು ಕಷ್ಟ. ಅದರಲ್ಲಿ ಹೆಮ್ಮೆ ಇಲ್ಲ. ಬದಲಿಗೆ ಕೇಳುವವರಿಗೆ ಒಂದು ಪ್ರಶ್ನೆ ಇದೆ. ಈಗ ಬಾಗಿಲು ನಿಮ್ಮ ಕೈಯಲ್ಲಿದೆ, ಏನು ಮಾಡುತ್ತೀರಿ? ಆ ಭಾಗವನ್ನು ಬಿಟ್ಟರೆ ಕಥೆ ಚೆಂದವಾಗುತ್ತದೆ, ಪ್ರಶ್ನೆ ಮಾತ್ರ ಬಿದ್ದುಹೋಗುತ್ತದೆ.

ಶಾಲೆಯಲ್ಲಿ ಏನು ಮಾಡಬಹುದು

ನೊವೊಗ್ರುಡೊಕ್‌ನಲ್ಲಿ ಆ ಹಳೆಯ ಶಿಬಿರದ ಜಾಗದಲ್ಲಿ 2007ರಿಂದ ಒಂದು ಸಣ್ಣ ವಸ್ತುಸಂಗ್ರಹಾಲಯವಿದೆ. 2012ರಲ್ಲಿ ಅಲ್ಲಿ ನೆಲ ಅಗೆದು ಸುರಂಗದ ಜಾಡನ್ನು ಪತ್ತೆ ಮಾಡಿದರು. ಪಾರಾದವರ ಮಕ್ಕಳು ಮೊಮ್ಮಕ್ಕಳು ದೂರದೇಶಗಳಿಂದ ಬಂದು ಆ ಕೆಲಸಕ್ಕೆ ಕೈಹಚ್ಚಿದ್ದರು. ಎಲ್ಲಿ ಅಗೆಯಬೇಕು ಎಂದು ತಿಳಿದದ್ದು ಹೇಗೆ? ಬದುಕುಳಿದವರು ಹೇಳಿಟ್ಟಿದ್ದರಿಂದ. ಅಜ್ಜ ಅಜ್ಜಿಯರ ಬಾಯಿಮಾತು ಮಣ್ಣಿನಡಿ ನಿಜವಾಗಿ ಸಿಕ್ಕಿತು.

ಸಮಾಜ ವಿಜ್ಞಾನ ಕಲಿಸುವ ಶಿಕ್ಷಕ ಮಿತ್ರರಿಗೆ ನಮ್ಮದೊಂದು ಸಲಹೆ. ಎರಡನೇ ಮಹಾಯುದ್ಧದ ಪಾಠ ಬಂದಾಗ ರೇ ಅಜ್ಜಿಯ ಕಥೆಯನ್ನು ಅರ್ಧ ತಾಸು ಹೇಳಿ. ಆಮೇಲೆ ಮಕ್ಕಳಿಗೆ ಒಂದು ಕೆಲಸ ಕೊಡಿ. ತಮ್ಮ ಮನೆಯ, ಇಲ್ಲವೇ ಓಣಿಯ ಹಿರಿಯರೊಬ್ಬರನ್ನು ಕೂಡಿಸಿಕೊಂಡು ನಾಲ್ಕು ಪ್ರಶ್ನೆ ಕೇಳಿ ಬರೆದು ತರಲಿ. ನೀವು ಹುಟ್ಟಿದ ಊರು ಯಾವುದು, ಆಗ ಅದು ಯಾವ ರಾಜ್ಯದಲ್ಲಿತ್ತು? ಊರು ಬಿಟ್ಟು ಹೊರಡಬೇಕಾದ ಸಂದರ್ಭ ಬಂದಿತ್ತೇ, ಬರಗಾಲಕ್ಕೋ ಕೂಲಿಗೋ ಮದುವೆಗೋ? ಹೋದ ಕಡೆ ಯಾರು ಬಾಗಿಲು ತೆರೆದರು? ಯಾರು ತೆರೆಯಲಿಲ್ಲ?

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಹಿರಿಯರು ಮೊದಲು "ಅದನ್ನೆಲ್ಲ ಈಗ ಯಾಕೆ ತಗೀತಿ, ಬಿಡವ್ವಾ" ಅಂದಾರು. ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಅವರೇ ಹೇಳುತ್ತಾರೆ. ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಲು ಮಕ್ಕಳಿಗೆ ಕಲಿಸಿ, ಪುಸ್ತಕದ ಭಾಷೆಗೆ ತಿದ್ದಬೇಡಿ. ಬರೆದದ್ದರ ಕೆಳಗೆ ತಾರೀಖು ಹಾಕಿಸಿ, ಹಾಳೆಗಳನ್ನೆಲ್ಲ ಒಂದು ದಾರದಲ್ಲಿ ಪೋಣಿಸಿ ಶಾಲೆಯ ಕಪಾಟಿನಲ್ಲಿ ಇಡಿ. ಮುಂದೆ ಯಾರಿಗಾದರೂ ಎಲ್ಲಿ ಅಗೆಯಬೇಕೆಂದು ತಿಳಿಯಬೇಕಾದಾಗ ಬೇಕಾಗುತ್ತದೆ.